ಬಣ್ಣದ ಕೆಳಗಣ ಕಬ್ಬಿಣ: ಹಳೆಯ ಮಸಲ್ ಕಾರನ್ನು ಕೊಳ್ಳುವ ಮುನ್ನ

ಎತ್ತನ್ನು ಕೊಳ್ಳಹೊರಟ ರೈತನು ಜಾತ್ರೆಯಲ್ಲಿ ಮೊದಲು ನೋಡುವುದು ಅದರ ಮೈಬಣ್ಣವನ್ನಲ್ಲ, ಕೊಂಬಿಗೆ ಕಟ್ಟಿದ ಕುಚ್ಚನ್ನೂ ಅಲ್ಲ. ಬಾಯಿ ಬಿಡಿಸಿ ಹಲ್ಲನ್ನು ಎಣಿಸುವನು; ನಾಲ್ಕು ಹೆಜ್ಜೆ ನಡೆಸಿ ನಡಿಗೆಯನ್ನು ನೋಡುವನು; ಕಾಲನ್ನೆತ್ತಿ ಗೊರಸನ್ನು ಪರೀಕ್ಷಿಸುವನು. ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವುದು ಇವೆಲ್ಲ ಮುಗಿದ ಮೇಲಿನ ಮಾತು. ಇಷ್ಟು ವಿವೇಕವುಳ್ಳ ಮನುಷ್ಯನೇ ಯಂತ್ರವೊಂದನ್ನು ಕೊಳ್ಳಹೋದಾಗ ಬಣ್ಣಕ್ಕೂ ಸದ್ದಿಗೂ ಮರುಳಾಗುವುದು ಆಶ್ಚರ್ಯದ ಸಂಗತಿ. ಅದರಲ್ಲಿಯೂ ಅಮೆರಿಕದಲ್ಲಿ ‘ಮಸಲ್ ಕಾರು’ ಎಂದು ಹೆಸರಾದ ಹಳೆಯ ಮೋಟಾರುಗಳ ವ್ಯಾಪಾರದಲ್ಲಿ ಈ ಮರುಳು ಮೇರೆ ಮೀರಿದೆ.

‘ಮಸಲ್’ ಎಂದರೆ ಮಾಂಸಖಂಡ. ನಮ್ಮ ಮಾತಿನಲ್ಲಿ ‘ಜಟ್ಟಿ ಕಾರು’ ಎಂದು ಕರೆದರೆ ತಪ್ಪಾಗಲಾರದು. ಮಧ್ಯಮ ಗಾತ್ರದ, ಸಂಸಾರಸ್ಥರು ಓಡಿಸುವ ಕಾರಿನೊಳಕ್ಕೆ ದೊಡ್ಡ ಕಾರಿನ ಎಂಜಿನನ್ನು ಕೂರಿಸಿದರೆ ಈ ಜಾತಿ ಹುಟ್ಟುವುದು. ಇದರಲ್ಲಿ ಮೊದಲನೆಯದು ಯಾವುದೆಂಬ ವಿಷಯದಲ್ಲಿ ವಾದವುಂಟು. ಆದರೂ ಪಾಂಟಿಯಾಕ್ ಕಂಪೆನಿಯವರು ೧೯೬೪ರ ತಮ್ಮ ಟೆಂಪೆಸ್ಟ್ ಕಾರಿನಲ್ಲಿ ೩೮೯ ಘನ ಅಂಗುಲದ, ಎಂಟು ಸಿಲಿಂಡರುಗಳ ಎಂಜಿನನ್ನಿಟ್ಟು ‘ಜಿ.ಟಿ.ಓ.’ ಎಂಬ ಹೆಸರಿನಿಂದ ಮಾರಿದಂದಿನಿಂದ ಈ ಯುಗ ಪ್ರಾರಂಭವಾಯಿತೆಂದು ಬಹುಮಂದಿ ಒಪ್ಪುವರು. ಮಧ್ಯಮ ಗಾತ್ರದ ಕಾರಿಗೆ ೩೩೦ ಘನ ಅಂಗುಲವನ್ನು ಮೀರಿದ ಎಂಜಿನ್ ಕೂಡದೆಂದು ಮಾತೃಸಂಸ್ಥೆಯಾದ ಜನರಲ್ ಮೋಟಾರ್ಸಿನಲ್ಲಿ ಆಗ ನಿಯಮವಿತ್ತು. ಪಾಂಟಿಯಾಕಿನ ಮುಖ್ಯ ಎಂಜಿನಿಯರಾಗಿದ್ದ ಜಾನ್ ಡಿಲೋರಿಯನ್ ಮತ್ತು ಅವರ ಸಂಗಡಿಗರು ಈ ದೊಡ್ಡ ಎಂಜಿನನ್ನು ಗಿರಾಕಿಯು ಬೇಕೆಂದರೆ ಮಾತ್ರ ಹೆಚ್ಚಿನ ಹಣಕ್ಕೆ ಕೊಡುವ ಸಾಮಗ್ರಿಯೆಂದು ತೋರಿಸಿ, ನಿಯಮದ ಪಕ್ಕದಲ್ಲಿ ನುಸುಳಿಬಿಟ್ಟರು. ಐದು ಸಾವಿರ ಮಾರಿದರೆ ಸಾಕೆಂದಿದ್ದ ಕಡೆ ಮೊದಲ ವರ್ಷವೇ ೩೨,೪೫೦ ಕಾರುಗಳು ಮಾರಾಟವಾದುವು. ಇದನ್ನು ಕಂಡು ಉಳಿದವರು ಸುಮ್ಮನಿರುವರೆ? ಷೆವ್ರೊಲೆಯವರ ಷೆವೆಲ್, ಡಾಜ್‌ನವರ ಚಾರ್ಜರ್, ಪ್ಲಿಮತ್‌ನವರ ಬಾರಕೂಡಾ, ಫೋರ್ಡಿನವರ ಮಸ್ಟಾಂಗಿನ ಪ್ರಬಲ ಮಾದರಿಗಳು ಒಂದರ ಹಿಂದೊಂದು ಅಖಾಡಕ್ಕಿಳಿದುವು. ೧೯೭೦ರ ಷೆವೆಲ್ಲಿನ ಒಂದು ಮಾದರಿಯಲ್ಲಿ ೪೫೪ ಘನ ಅಂಗುಲದ ಎಂಜಿನಿಗೆ ೪೫೦ ಅಶ್ವಶಕ್ತಿಯೆಂದು ಸಾರಿದ್ದರು. ಅನಂತರ ವಿಮೆಯ ದರಗಳು ಏರಿದುವು. ೧೯೭೦ರ ವಾಯುಶುದ್ಧಿ ಶಾಸನ ಬಂದಿತು. ೧೯೭೩ರ ಅಕ್ಟೋಬರಿನ ತೈಲ ನಿರ್ಬಂಧ ಬಂದಿತು. ಜಟ್ಟಿಗಳ ಕಾಲ ಮುಗಿಯಿತು.

ಅಂದು ಎರಡು ಮೂರು ಸಾವಿರ ಡಾಲರಿಗೆ ಸಿಕ್ಕುತ್ತಿದ್ದ ಕಾರುಗಳಿಗೆ ಇಂದು ಅದರ ಹತ್ತಾರು ಪಟ್ಟು ಬೆಲೆ. ಅಪರೂಪದವುಗಳ ಮಾತೇ ಬೇರೆ: ೧೯೭೧ರ, ಹೆಮಿ ಎಂಜಿನಿನ ಬಾರಕೂಡಾ ತೆರೆಗಾರೊಂದು ೨೦೧೪ರಲ್ಲಿ ೩೫ ಲಕ್ಷ ಡಾಲರಿಗೆ ಹರಾಜಾಯಿತು. ಹಣ ಹೆಚ್ಚಿದ ಕಡೆ ಮೋಸವೂ ಹೆಚ್ಚುವುದು ಲೋಕರೂಢಿ. ಆದರೆ ಹಣ ಕಳೆದುಹೋಗುವ ಭಯಕ್ಕಿಂತ ದೊಡ್ಡದೊಂದು ಭಯವಿದೆ. ಅದನ್ನು ಹೇಳುವವರು ಕಡಿಮೆ. ಐವತ್ತು ಅರುವತ್ತು ವರ್ಷ ತುಕ್ಕು ತಿಂದ ತಗಡಿನ ಪೆಟ್ಟಿಗೆಯಲ್ಲಿ, ಮುನ್ನೂರು ಅಶ್ವಶಕ್ತಿಯ ಎಂಜಿನ್ನಿನ ಹಿಂದೆ, ಅರೆಬರೆ ಬ್ರೇಕನ್ನು ನಂಬಿ ಮನುಷ್ಯನೊಬ್ಬನು ಹೆದ್ದಾರಿಯಲ್ಲಿ ಹೋಗುತ್ತಾನೆ. ಎದುರಿನಿಂದ ಬರುವವರೂ ಮನುಷ್ಯರೇ.

ಓಹಾಯೋ ಸಂಸ್ಥಾನದಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಇಂಥ ಕಾರೊಂದನ್ನು ಕೊಳ್ಳಬೇಕೆಂದು ಮನಸ್ಸು ಮಾಡಿ, ನನ್ನ ಅಭಿಪ್ರಾಯ ಕೇಳಿ, ಹದಿನಾಲ್ಕು ಛಾಯಾಚಿತ್ರಗಳನ್ನು ಕಳುಹಿಸಿದ್ದನು. ಒಂಬತ್ತು ಚಿತ್ರಗಳು ಬಣ್ಣದವು, ಮೂರು ಎಂಜಿನಿನವು, ಎರಡು ಒಳಗಣ ಆಸನಗಳವು. ಕಾರಿನ ತಳದ ಚಿತ್ರ ಒಂದೂ ಇರಲಿಲ್ಲ. “ಎಂಜಿನ್ ಮೂಲದ್ದೇ ಸರ್, ನಂಬರು ತಾಳೆಯಾಗುತ್ತೆ” ಎಂದು ಹಿಗ್ಗಿನಿಂದ ಬರೆದಿದ್ದನು. ನಾನು ಮೋಟಾರು ವ್ಯಾಪಾರಿಯಲ್ಲ, ಭೌತಶಾಸ್ತ್ರದ ಮೇಷ್ಟರು. ಆದರೂ ಆತನಿಗೆ ಬರೆದುದನ್ನೇ ಇಲ್ಲಿಯೂ ಹೇಳುತ್ತೇನೆ. ಪೇಟೆಯವರು ಪರೀಕ್ಷಿಸುವ ಕ್ರಮವು ತಲೆಕೆಳಗಾದುದು. ಅವರು ಮೊದಲು ಸಂಖ್ಯೆಯನ್ನು, ಆಮೇಲೆ ಎಂಜಿನನ್ನು, ಆಮೇಲೆ ಬಣ್ಣವನ್ನು ನೋಡುವರು. ಬ್ರೇಕನ್ನೂ ತಳವನ್ನೂ ನೋಡಿದರೆ ನೋಡಿದರು, ಇಲ್ಲದಿದ್ದರೆ ಇಲ್ಲ. ಮೊದಲು ನೋಡತಕ್ಕದ್ದು ಕಬ್ಬಿಣವನ್ನು, ಎರಡನೆಯದಾಗಿ ಬ್ರೇಕನ್ನು, ಎಂಜಿನಿನ ಸರದಿ ಅದರ ಮೇಲೆ, ಕಾಗದಪತ್ರಗಳು ಕಡೆಗೆ. ಎಂಜಿನ್ ಕೆಟ್ಟರೆ ಇಳಿಸಿ ಬೇರೆಯದನ್ನು ಏರಿಸಬಹುದು. ಮೈಯೇ ಕೊಳೆತ ಕಾರಿನಲ್ಲಿ ಏನನ್ನು ಎಲ್ಲಿಗೆ ಏರಿಸುವುದು?

ತುಕ್ಕೆಂಬುದು ಮೇಲೆ ಅಂಟಿದ ಕೊಳೆಯಲ್ಲ. ಕಬ್ಬಿಣದ ತಗಡಿನ ಮೇಲೆ ಒಂದು ತೊಟ್ಟು ನೀರು ಕುಳಿತರೆ ಅಲ್ಲೊಂದು ಪುಟ್ಟ ವಿದ್ಯುತ್ಕೋಶ ಸಿದ್ಧವಾದಂತೆ. ತೊಟ್ಟಿನ ನಡುವೆ ಆಮ್ಲಜನಕ ಕಡಿಮೆ, ಅಂಚಿನಲ್ಲಿ ಹೆಚ್ಚು. ನಡುವಣ ಕಬ್ಬಿಣವು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುವುದು. ಅಂಚಿನಲ್ಲಿ ಆಮ್ಲಜನಕವು ಅವನ್ನು ಸ್ವೀಕರಿಸುವುದು. ಹೀಗೆ ಕರಗಿದ ಕಬ್ಬಿಣವೇ ನೀರು ಕೂಡಿದ ಆಕ್ಸೈಡಾಗಿ ಕೆಂಪಗೆ ಕಾಣಿಸಿಕೊಳ್ಳುವುದು. ನೀರಿನಲ್ಲಿ ಉಪ್ಪು ಬೆರೆತರೆ ಅದರ ವಿದ್ಯುದ್ವಾಹಕತೆ ಹೆಚ್ಚಿ ಈ ಕೋಶದ ಕೆಲಸ ಬಹಳ ಚುರುಕಾಗುತ್ತದೆ. ಕಾರವಾರ, ಮಂಗಳೂರುಗಳ ಕಡೆಯ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಡಲಗಾಳಿಗೆ ಕಿಟಕಿಯ ಸರಳುಗಳು ಪದರುಪದರಾಗಿ ಏಳುವುದನ್ನು ಅವರು ಮನೆಯಲ್ಲೇ ಕಂಡಿರುತ್ತಾರೆ. ಓಹಾಯೋ, ಮಿಷಿಗನ್ ಮೊದಲಾದ ಉತ್ತರದ ಸಂಸ್ಥಾನಗಳಲ್ಲಿ ಕಡಲಿಲ್ಲ. ಆದರೆ ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಲೆಂದು ಉಪ್ಪನ್ನು ಎರಚುವರು. ಉಪ್ಪುನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟದೆ, ಚಕ್ರಗಳಿಂದ ಚಿಮ್ಮಿ, ಕಾರಿನ ತಳದ ಸಂದುಗೊಂದುಗಳಲ್ಲಿ ಸೇರಿ ತಿಂಗಳುಗಟ್ಟಲೆ ನಿಲ್ಲುವುದು. ಒಣಹವೆಯ ಅರಿಜೋನಾದ ಕಾರಿಗೂ ಈ ಕಡೆಯ ಕಾರಿಗೂ ಬೆಲೆಯಲ್ಲಿ ವ್ಯತ್ಯಾಸವಿರುವುದು ಇದೇ ಕಾರಣದಿಂದ. ಆದಕಾರಣ ಕಾರು ತನ್ನ ಆಯುಷ್ಯದ ಚಳಿಗಾಲಗಳನ್ನು ಎಲ್ಲಿ ಕಳೆಯಿತೆಂಬುದು ಮಾರುವಾತನಿಗೆ ಕೇಳಬೇಕಾದ ಮೊದಲ ಪ್ರಶ್ನೆ.

ಮೈಯ ತಗಡು ಸುಮಾರು ಒಂದು ಮಿಲಿಮೀಟರು ದಪ್ಪದ್ದು. ತುಕ್ಕು ತಾನು ತಿಂದ ಕಬ್ಬಿಣದ ಎರಡು ಪಟ್ಟಿಗೂ ಹೆಚ್ಚು ಸ್ಥಳವನ್ನು ಬೇಡುತ್ತದೆ. ಎಂದೇ ಬಣ್ಣವು ಮೊದಲು ಗುಳ್ಳೆಯೇಳುವುದು. ಗುಳ್ಳೆ ಹೊರಗೆ ಕಂಡಿತೆಂದರೆ ಒಳಗಿನಿಂದ ಕೆಲಸ ಮುಗಿದಿದೆ ಎಂದು ಅರ್ಥ. ಮಾರುವವರು ಅದನ್ನು ಕೆರೆದು, ರಾಳದ ಪುಟ್ಟಿಯನ್ನು ಮೆತ್ತಿ, ಉಜ್ಜಿ, ಮೇಲೆ ಹೊಳೆಯುವ ಬಣ್ಣವನ್ನು ಹೊಡೆಯುವರು. ಕಣ್ಣಿಗೆ ಭೇದ ತಿಳಿಯದು, ಅಯಸ್ಕಾಂತಕ್ಕೆ ತಿಳಿಯುವುದು. ಚಿಕ್ಕದೊಂದು ಅಯಸ್ಕಾಂತವನ್ನು ಬಣ್ಣಕ್ಕೆ ಗೀರಾಗದಂತೆ ತೆಳುಬಟ್ಟೆಯಲ್ಲಿ ಸುತ್ತಿ, ಬಾಗಿಲ ಕೆಳ ಅಂಚು, ಚಕ್ರದ ಕಮಾನು, ಹಿಂದಿನ ಚಕ್ರದ ಹಿಂಬದಿಯ ತಗಡು ಇಲ್ಲೆಲ್ಲ ಸರಿಸುತ್ತ ಹೋಗಬೇಕು. ಕಬ್ಬಿಣಕ್ಕೂ ಅಯಸ್ಕಾಂತಕ್ಕೂ ನಡುವೆ ಎಡೆ ಹೆಚ್ಚಿದಂತೆ ಸೆಳೆತವು ಬಹು ಬೇಗ ಇಳಿಯುವುದರಿಂದ, ಮೂರು ನಾಲ್ಕು ಮಿಲಿಮೀಟರು ಪುಟ್ಟಿಯಿದ್ದರೂ ಕೈಗೆ ಗೊತ್ತಾಗುತ್ತದೆ. ಬಣ್ಣದ ದಪ್ಪವನ್ನು ಅಳೆಯುವ ಉಪಕರಣವೂ ಇದೆ. ಕಾರ್ಖಾನೆಯ ಬಣ್ಣವು ಸಾಮಾನ್ಯವಾಗಿ ೧೦೦ರಿಂದ ೧೫೦ ಮೈಕ್ರಾನ್ ಇದ್ದರೆ, ಪುಟ್ಟಿ ಹಚ್ಚಿದ ಕಡೆ ಅದು ಸಾವಿರವನ್ನೂ ಮೀರಬಹುದು. (ಷೆವ್ರೊಲೆ ಕಾರ್ವೆಟ್ಟಿನ ಮುಂದೆ ಈ ಪರೀಕ್ಷೆ ಮಾಡಿ ಗಾಬರಿಗೊಳ್ಳಬಾರದು, ಅದರ ಮೈ ಗಾಜಿನ ನಾರಿನದು.)

ಮೇಲ್ಮೈಯ ತುಕ್ಕಾದರೂ ರೂಪಕ್ಕೆ ಸಂಬಂಧಪಟ್ಟದ್ದು. ಪ್ರಾಣಕ್ಕೆ ಸಂಬಂಧಪಟ್ಟದ್ದು ಒಡಲ ಎಲುಬಿನ ತುಕ್ಕು. ಜಿ.ಟಿ.ಓ., ಷೆವೆಲ್ ಮುಂತಾದುವುಗಳಲ್ಲಿ ಮೈಯ ಕೆಳಗೆ ಬೇರೆಯಾದ ಉಕ್ಕಿನ ಚೌಕಟ್ಟಿದೆ. ಮಸ್ಟಾಂಗಿಗಾಗಲಿ, ಆ ಕಾಲದ ಡಾಜ್, ಪ್ಲಿಮತ್ ಕಾರುಗಳಿಗಾಗಲಿ ಅಂಥ ಚೌಕಟ್ಟಿಲ್ಲ. ತಗಡನ್ನೇ ಮಡಿಸಿ ಬೆಸೆದ ಟೊಳ್ಳು ಪೆಟ್ಟಿಗೆಗಳೇ ಅವುಗಳ ಬೆನ್ನೆಲುಬು. ಈ ಟೊಳ್ಳು ಪೆಟ್ಟಿಗೆಯ ಗುಟ್ಟನ್ನು ವಿದ್ಯಾರ್ಥಿಗಳು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ದಪ್ಪ ಕಾಗದವನ್ನು ಕೊಳವೆಯಂತೆ ಸುರುಳಿ ಮಾಡಿ ಅಂಚನ್ನು ಗೋಂದಿನಿಂದ ಅಂಟಿಸಿ, ಒಣಗಿದ ಮೇಲೆ ಎರಡು ಕೈಗಳಿಂದ ತಿರುಚಿ ನೋಡಿ. ಅದು ಗಟ್ಟಿಯಾಗಿ ಎದುರಿಸುವುದು. ಈಗ ಅದನ್ನು ಉದ್ದಕ್ಕೂ ಒಂದೇ ಸೀಳು ಸೀಳಿ ಮತ್ತೆ ತಿರುಚಿ. ಕಾಗದದ ತೂಕ ಒಂದಿಷ್ಟೂ ಕಡಿಮೆಯಾಗಿಲ್ಲ, ಆದರೆ ಪ್ರತಿರೋಧ ಬಹುಮಟ್ಟಿಗೆ ಹೋಗಿಬಿಟ್ಟಿರುತ್ತದೆ. ತಳದ ಪೆಟ್ಟಿಗೆಯ ಒಂದು ಮೂಲೆಯನ್ನು ತುಕ್ಕು ಉದ್ದಕ್ಕೆ ತಿಂದರೆ ಆಗುವುದೂ ಇದೇ. ‘ಸ್ವಲ್ಪ ತುಕ್ಕಿದೆ, ಅಷ್ಟೆ’ ಎಂಬ ಮಾತಿನಲ್ಲಿ ‘ಸ್ವಲ್ಪ’ಕ್ಕೆ ಬೆಲೆಯಿಲ್ಲ, ಅದು ಎಲ್ಲಿದೆ ಎಂಬುದಕ್ಕೆ ಬೆಲೆ. ಜಿ.ಟಿ.ಓ.ದ ಮೊದಲ ಎಂಜಿನ್ನೇ ೪೨೮ ಅಡಿ-ಪೌಂಡಿನಷ್ಟು ತಿರುಚುಬಲವನ್ನು ಕೊಡುತ್ತಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು.

ಆದ್ದರಿಂದ ಕಾರನ್ನು ಮೇಲೆತ್ತಿಸದೆ ಬೆಲೆಯ ಮಾತನ್ನು ಆಡಲೇಬಾರದು. ತಳದಲ್ಲಿ ಒಂದು ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟಿ ನೋಡಬೇಕು: ಗಟ್ಟಿ ಉಕ್ಕು ಕಣಕಣ ಎನ್ನುವುದು, ಕೊಳೆತದ್ದು ಮಂಕಾಗಿ ಡಬ್ಬೆನ್ನುವುದು. ಸಂದೇಹವಿದ್ದ ಕಡೆ, ಮಾಲೀಕನ ಅನುಮತಿ ಪಡೆದು, ಮೊನೆಯಿಂದ ಒತ್ತಿ ನೋಡಬೇಕು. ಹೊಸದಾಗಿ ಬಳಿದ ಕಪ್ಪು ಟಾರಿನ ಲೇಪವನ್ನು ಕಂಡರೆ ಇಮ್ಮಡಿ ಎಚ್ಚರ ಬೇಕು. ಮಸ್ಟಾಂಗಿನ ಮೊದಲ ವರ್ಷಗಳ ಕಾರುಗಳಲ್ಲಿ ಮುಂಗಾಜಿನ ಬುಡದಲ್ಲಿ ಗಾಳಿ ಹೋಗುವ ಸಂದೊಂದಿದೆ. ಅದರೊಳಗಿನ ತಗಡು ತುಕ್ಕು ಹಿಡಿದು ತೂತಾಗುವುದು ಪ್ರಸಿದ್ಧವಾದ ರೋಗ. ಒಂದು ಚೊಂಬು ನೀರನ್ನು ಆ ಸಂದಿಗೆ ಹೊಯ್ದು, ಒಳಗೆ ಕಾಲಿಡುವ ಕಡೆ ಒದ್ದೆಯಾಯಿತೆ ಎಂದು ನೋಡಿದರೆ ಪರೀಕ್ಷೆ ಮುಗಿಯಿತು. ಛಾವಣಿಗೆ ಕೃತಕ ಚರ್ಮವನ್ನು ಹೊದಿಸಿದ ಕಾರುಗಳಲ್ಲಿ ಹಿಂಗಾಜಿನ ಸುತ್ತ ಬೆರಳಿನಿಂದ ಒತ್ತಬೇಕು. ಚರ್ಮದಡಿ ಕರಕರ ಎಂದರೆ ಅಲ್ಲಿ ಉಕ್ಕಿಲ್ಲ, ಪುಡಿಯಿದೆ. ಸಾಮಾನಿನ ಪೆಟ್ಟಿಗೆಯ ನೆಲಹಾಸನ್ನು ಎತ್ತದೆ ಬಿಡಬಾರದು. ಬಾಗಿಲುಗಳ ಸುತ್ತ ಇರುವ ಎಡೆ ಮೇಲೂ ಕೆಳಗೂ ಸಮನಾಗಿದೆಯೇ, ಕಾರನ್ನು ಜಾಕಿನಿಂದ ಎತ್ತಿದಾಗ ಆ ಎಡೆ ಬದಲಾಗುತ್ತದೆಯೇ ಎಂದು ಗಮನಿಸಿದರೆ ಬೆನ್ನೆಲುಬಿನ ಸ್ಥಿತಿ ತಾನಾಗಿ ತಿಳಿಯುವುದು. ನನ್ನ ವಿದ್ಯಾರ್ಥಿಯು ತಳವನ್ನು ನೋಡಿಬಂದು ಎರಡೇ ಸಾಲು ಬರೆದನು: ಹಿಂಚಕ್ರದ ಹತ್ತಿರ ಸ್ಕ್ರೂ ಡ್ರೈವರು ಹಿಡಿಯವರೆಗೆ ಒಳಹೋಯಿತಂತೆ.

ಇನ್ನು ಬ್ರೇಕಿನ ವಿಚಾರ. ಈ ಕಾರುಗಳನ್ನು ಮಾಡಿದವರು ಓಡುವುದಕ್ಕೆ ಕೊಟ್ಟಷ್ಟು ಗಮನವನ್ನು ನಿಲ್ಲುವುದಕ್ಕೆ ಕೊಡಲಿಲ್ಲವೆಂಬುದು ನನ್ನ ದೂರು. ೧೯೬೪ರ ಜಿ.ಟಿ.ಓ.ಗೆ ನಾಲ್ಕು ಚಕ್ರಗಳಲ್ಲಿಯೂ ಒಂಬತ್ತೂವರೆ ಅಂಗುಲದ ಡ್ರಮ್ ಬ್ರೇಕುಗಳೇ. ಲೆಕ್ಕ ಹಾಕಿ ನೋಡೋಣ. ಕಾರಿನ ತೂಕ ಸುಮಾರು ೧,೬೦೦ ಕಿಲೋಗ್ರಾಂ. ವೇಗ ಗಂಟೆಗೆ ೧೦೦ ಕಿಲೋಮೀಟರು. ಇದರ ಚಲನಶಕ್ತಿ ೬,೧೭,೦೦೦ ಜೂಲ್. ಕಾರು ನಿಂತಾಗ ಇದಿಷ್ಟೂ ಬಹುತೇಕ ಬ್ರೇಕಿನಲ್ಲಿ ಶಾಖವಾಗಿ ಮಾರ್ಪಡಬೇಕು. ಎರಡು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕಾಗುವಷ್ಟು ಶಾಖ! ವೇಗವು ೧೪೦ ಆದರೆ, ವೇಗದ ವರ್ಗಕ್ಕೆ ತಕ್ಕಂತೆ, ಹೆಚ್ಚುಕಡಿಮೆ ನಾಲ್ಕು ಲೀಟರು. ನಾಲ್ಕು ಡ್ರಮ್ಮುಗಳ ಕಬ್ಬಿಣವನ್ನು ಒಟ್ಟು ೩೦ ಕಿಲೋಗ್ರಾಂ ಎಂದು ಇಟ್ಟುಕೊಂಡರೆ, ಒಂದು ಸಲ ನಿಲ್ಲಿಸಿದಾಗ ಸರಾಸರಿ ೪೫ ಡಿಗ್ರಿಯಷ್ಟು ಬಿಸಿಯೇರುವುದು. ಒಂದು ಸಲಕ್ಕೆ ಚಿಂತೆಯಿಲ್ಲ. ಆದರೆ ಬೆಟ್ಟದ ದಾರಿಯಲ್ಲಿ ೩೦೦ ಮೀಟರು ಎತ್ತರವನ್ನು ಇಳಿಯುವಾಗ ಭೂಮಿಯ ಆಕರ್ಷಣೆಯು ಒಪ್ಪಿಸುವ ಶಕ್ತಿ ೪೭ ಲಕ್ಷ ಜೂಲ್, ಎಂದರೆ ಅಂಥ ಏಳೂವರೆ ನಿಲುಗಡೆಗಳಷ್ಟು. ಅದರಲ್ಲಿ ಒಂದು ಪಾಲನ್ನು ಎಂಜಿನ್ನೂ ಗಾಳಿಯೂ ಹೊತ್ತುಕೊಳ್ಳುವುವು, ನಿಜ. ಉಳಿದದ್ದು ಬ್ರೇಕಿನ ಪಾಲು. ಬಿಸಿಯಾದ ಡ್ರಮ್ಮು ಹಿಗ್ಗಿ, ಒಳಗಿನಿಂದ ತನ್ನನ್ನು ಒತ್ತುವ ಲಾಳಗಳಿಂದ ದೂರ ಸರಿಯುವುದು. ಲಾಳಗಳ ಮೇಲಿನ ಪದಾರ್ಥದ ಘರ್ಷಣಾಂಕವೂ ಇಳಿಯುವುದು. ಚಾಲಕನು ಪೆಡಲನ್ನು ಎಷ್ಟು ತುಳಿದರೂ ಕಾರು ಮಾತು ಕೇಳದು.

ಇದಕ್ಕಿಂತ ಗಂಡಾಂತರದ ಸಂಗತಿಯೊಂದಿದೆ. ೧೯೬೬ರವರೆಗಿನ ಈ ಕಾರುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಚಕ್ರಗಳಿಗೂ ಸೇರಿ ಬ್ರೇಕಿನ ದ್ರವಕ್ಕೆ ಒಂದೇ ಮಾರ್ಗ. ಎಲ್ಲಿಯೋ ಒಂದು ಕಡೆ, ತುಕ್ಕು ಹಿಡಿದ ಕೊಳವೆಯೊಂದು ಬಿರಿದರೆ ನಾಲ್ಕೂ ಹೋದಂತೆಯೆ. ಮುಂದಿನ ಚಕ್ರಗಳಿಗೊಂದು, ಹಿಂದಿನವಕ್ಕೊಂದು ಎಂದು ಬೇರೆ ಮಾರ್ಗಗಳನ್ನು ಜನರಲ್ ಮೋಟಾರ್ಸಿನವರು ೧೯೬೭ರ ಮಾದರಿಗಳಲ್ಲಿ ಕೊಟ್ಟರು; ೧೯೬೮ರಿಂದ ಅಮೆರಿಕದ ಸರ್ಕಾರವೇ ಅದನ್ನು ಕಡ್ಡಾಯ ಮಾಡಿತು. ಮುಂಚಿನ ಕಾರನ್ನು ಕೊಳ್ಳುವವರು ಮುಚ್ಚಳ ತೆರೆದು, ಎರಡು ಕೋಣೆಗಳ ಬ್ರೇಕು ಸಿಲಿಂಡರನ್ನು ಯಾರಾದರೂ ಪುಣ್ಯಾತ್ಮರು ಹಾಕಿಸಿದ್ದಾರೆಯೇ ಎಂದು ನೋಡಲಿ. ಹಾಕಿಸಿದ್ದರೆ, ಮುಂಚಕ್ರಗಳಿಗೆ ತಟ್ಟೆಯ ಬ್ರೇಕನ್ನು ಕೂರಿಸಿದ್ದರೆ, ‘ಮೂಲರೂಪ ಕೆಟ್ಟಿತು’ ಎಂದು ಬೆಲೆ ತಗ್ಗಿಸುವ ಮಹಾಶಯರುಂಟು. ಓಡಿಸುವುದಕ್ಕಾಗಿ ಕೊಳ್ಳುವವನು ಆ ಕಾರಿಗೇ ನೂರು ಡಾಲರು ಹೆಚ್ಚು ಕೊಡಬೇಕೆಂದು ನಾನು ಹೇಳುತ್ತೇನೆ.

ಬ್ರೇಕಿನ ಜೊತೆಗೆ ಟೈರು. ಓಡದೆ ನಿಂತ ಕಾರಿನ ಟೈರು ಸವೆದಿರುವುದಿಲ್ಲ; ಅದೇ ಮೋಸ. ರಬ್ಬರು ನಿಂತಲ್ಲೇ ಮುಪ್ಪಾಗುವುದು, ಓಜೋನಿನಿಂದ ಬಿರಿಯುವುದು. ೨೦೦೦ದಿಂದೀಚಿನ ಟೈರುಗಳ ಪಕ್ಕದಲ್ಲಿ ನಾಲ್ಕು ಅಂಕೆಗಳಿರುತ್ತವೆ: ೨೩೧೯ ಎಂದಿದ್ದರೆ ೨೦೧೯ರ ೨೩ನೆಯ ವಾರದಲ್ಲಿ ತಯಾರಾದದ್ದು. ಮೂರೇ ಅಂಕೆಗಳಿದ್ದರೆ ಅದು ಹಿಂದಿನ ಶತಮಾನದ ಸರಕು. ಹತ್ತು ವರ್ಷಕ್ಕೆ ಮೇಲ್ಪಟ್ಟದ್ದನ್ನು, ಅದರ ಗೀರುಗಳು ಎಷ್ಟೇ ಆಳವಾಗಿರಲಿ, ತೆಗೆಸಿಹಾಕುವುದೇ ಸರಿ.

ಎಂಜಿನಿನ ಬಳಿಗೆ ಈಗ ಬರಬಹುದು. ಅಶ್ವಶಕ್ತಿಯ ಅಂಕಿಗಳನ್ನು ಕೇಳಿ ಎದೆಯುಬ್ಬಿಸುವವರಿಗೆ ಮೊದಲೊಂದು ಮಾತು: ೧೯೭೧ರವರೆಗೆ ಪ್ರಚಾರದಲ್ಲಿದ್ದ ಅಂಕಿಯು ಎಂಜಿನನ್ನು ಮೇಜಿನ ಮೇಲಿಟ್ಟು, ಗಾಳಿಯ ಶೋಧಕ, ವಾಹನದ ಹೊಗೆಕೊಳವೆ ಮುಂತಾದ ಹೊರೆಗಳಿಲ್ಲದೆ ಅಳೆದದ್ದು. ಕಾರಿನಲ್ಲಿರುವಂತೆಯೇ ಎಲ್ಲವನ್ನೂ ಜೋಡಿಸಿ ಅಳೆಯುವ ಪದ್ಧತಿ ಅನಂತರ ಬಂದಿತು. ೪೨೫ ಅಶ್ವಶಕ್ತಿಯ ಪ್ರಸಿದ್ಧ ಹೆಮಿ ಎಂಜಿನ್ನೇ ಹೊಸ ಅಳತೆಯಲ್ಲಿ ೩೫೦ಕ್ಕೆ ಇಳಿಯಿತು. ಎಂಜಿನ್ ಬದಲಾಗಲಿಲ್ಲ, ಅಳೆಯುವ ಕೋಲು ಬದಲಾಯಿತು.

ನೋಡಲು ಬರುವ ವೇಳೆಗೆ ಎಂಜಿನನ್ನು ಬಿಸಿ ಮಾಡಿ ಇಡುವುದು ಮಾರುವವರ ಹಳೆಯ ಉಪಾಯ. ಬಿಸಿ ಎಂಜಿನ್ ಸುಲಭವಾಗಿ ಹೊರಡುವುದು. ಸವೆದ ಭಾಗಗಳ ಸದ್ದೂ ಹೊಗೆಯೂ ಮರೆಯಾಗಬಹುದು. ಆದ್ದರಿಂದ ಹೋದೊಡನೆ ಎಂಜಿನಿನ ಮೇಲೆ ಕೈಯಿಟ್ಟು ನೋಡಬೇಕು. ಬೆಚ್ಚಗಿದ್ದರೆ ಮತ್ತೊಂದು ದಿನ ಬರುವೆನೆಂದು ಹೇಳಿ ಹೊರಡಬೇಕು. ತಣ್ಣಗಿದ್ದುದನ್ನು ಹೊರಡಿಸಿದಾಗ ಹಿಂದೆ ನಿಂತು ಹೊಗೆಯನ್ನು ನೋಡುವುದು. ನೀಲಿ ಹೊಗೆ ಎಣ್ಣೆ ಸುಡುವುದನ್ನು ಸೂಚಿಸುವುದು. ಎಂಜಿನ್ ಬಿಸಿಯಾದ ಮೇಲೆಯೂ ನಿಲ್ಲದ ದಟ್ಟ ಬಿಳಿ ಹೊಗೆ ತಂಪುನೀರು ಒಳನುಗ್ಗುತ್ತಿರುವುದನ್ನು. ಕಪ್ಪು ಹೊಗೆ ಪೆಟ್ರೋಲು ಅತಿಯಾದುದನ್ನು. ಎಣ್ಣೆಯ ಅಳತೆಕಡ್ಡಿಯಲ್ಲಿ ಹಾಲು ಬೆರೆಸಿದ ಕಾಫಿಯಂಥ ಪದಾರ್ಥವಿದ್ದರೆ ಎಣ್ಣೆಗೆ ನೀರು ಸೇರಿದೆ. ಓಡಿದ ಮೈಲಿಗಳನ್ನು ತೋರುವ ಯಂತ್ರವನ್ನು ಮಾತ್ರ ನಂಬಲೇಬೇಡಿ. ಅದರಲ್ಲಿ ಪೂರ್ಣ ಮೈಲಿಗಳಿಗೆ ಐದೇ ಅಂಕೆಗಳು; ೯೯,೯೯೯ ಆದೊಡನೆ ಸೊನ್ನೆಗೆ ಹಿಂತಿರುಗುವುದು. ಪೆಡಲಿನ ರಬ್ಬರು ಎಷ್ಟು ಸವೆದಿದೆಯೆಂಬುದು ಅದಕ್ಕಿಂತ ಸತ್ಯವಂತ ಸಾಕ್ಷಿ.

ಆದರೆ ಇವೆಲ್ಲ ಲಕ್ಷಣಗಳು ಮಾತ್ರ, ಅಳತೆಯಲ್ಲ. ಅಳತೆ ಬೇಕಾದರೆ ಒತ್ತಡಮಾಪಕವೊಂದನ್ನು ಒಯ್ಯಬೇಕು. ಕಿಡಿಯ ಪ್ಲಗ್ಗುಗಳನ್ನು ಕಳಚಿ, ಕಿಡಿಯ ವಿದ್ಯುತ್ತನ್ನು ತಪ್ಪಿಸಿ, ಒಂದೊಂದು ಸಿಲಿಂಡರಿಗೂ ಮಾಪಕವನ್ನು ತಿರುಪಿ, ಗಾಳಿಯ ಬಾಯನ್ನು ಪೂರ್ತಿ ತೆರೆದು ಸ್ಟಾರ್ಟರಿನಿಂದ ಎಂಜಿನನ್ನು ತಿರುಗಿಸಿದರೆ, ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತಡಕ್ಕೆ ತರಬಲ್ಲುದೆಂದು ಮುಳ್ಳು ತೋರುವುದು. ಒಳ್ಳೆಯ ಎಂಜಿನಿನಲ್ಲಿ ಚದರ ಅಂಗುಲಕ್ಕೆ ೧೫೦ ಪೌಂಡಿನ ಆಸುಪಾಸು ಇರಬಹುದು. ಆದರೆ ಅಂಕಿಗಿಂತ ಸಮತೆ ಮುಖ್ಯ. ಎಂಟರಲ್ಲಿ ಯಾವುದೂ ಉಳಿದವುಗಳಿಗಿಂತ ನೂರಕ್ಕೆ ಹತ್ತು ಹದಿನೈದಕ್ಕಿಂತ ಕೆಳಗಿರಬಾರದು. ಒಂದು ಸಿಲಿಂಡರು ಸೋತಿದ್ದರೆ ಅದರೊಳಕ್ಕೆ ಒಂದು ಚಮಚ ಎಣ್ಣೆಯನ್ನು ಹಾಕಿ ಮತ್ತೆ ಅಳೆಯುವುದು. ಒತ್ತಡ ಏರಿದರೆ, ಎಣ್ಣೆಯು ಪಿಸ್ಟನ್ನಿನ ಉಂಗುರದ ಸಂದನ್ನು ತುಂಬಿತೆಂದಾಯಿತು: ದೋಷ ಉಂಗುರದ್ದು. ಏರದಿದ್ದರೆ ದೋಷ ಕವಾಟದ್ದು, ಇಲ್ಲವೇ ಸಿಲಿಂಡರಿನ ತಲೆಯ ಬೆಸುಗೆಪಟ್ಟಿಯದು. ಒಂದು ಚಮಚ ಎಣ್ಣೆಯಿಂದ ಎರಡು ಊಹೆಗಳಲ್ಲಿ ಒಂದನ್ನು ತಳ್ಳಿಹಾಕುವ ಈ ಪ್ರಯೋಗಕ್ಕಿಂತ ಸೊಗಸಾದುದನ್ನು ನಾನು ಪ್ರಯೋಗಶಾಲೆಯಲ್ಲಿಯೂ ಹೆಚ್ಚು ಕಂಡಿಲ್ಲ.

ಕವಾಟದ ಮಾತು ಬಂದುದರಿಂದ ಸೀಸದ ವಿಚಾರವನ್ನೂ ಹೇಳಬೇಕು. ಈ ಎಂಜಿನುಗಳು ಸೀಸ ಬೆರೆತ ಪೆಟ್ರೋಲಿಗಾಗಿ ಹುಟ್ಟಿದುವು. ಸೀಸವು ಎಂಜಿನ್ ಬಡಿಯುವುದನ್ನು ತಡೆಯುತ್ತಿದ್ದುದಲ್ಲದೆ ಕವಾಟ ಕೂರುವ ಪೀಠವನ್ನು ಸವೆಯದಂತೆ ಕಾಯುತ್ತಲೂ ಇತ್ತು. ಅಮೆರಿಕದ ರಸ್ತೆಯ ವಾಹನಗಳಿಗೆ ಅದನ್ನು ೧೯೯೬ರ ಜನವರಿಯಿಂದ ಪೂರ್ತಿಯಾಗಿ ನಿಷೇಧಿಸಿದರು. ಮಕ್ಕಳ ಮಿದುಳಿಗೆ ವಿಷವಾದ ವಸ್ತುವನ್ನು ನಿಷೇಧಿಸಿದ್ದು ಸರಿಯೇ. ಆದುದರಿಂದ ಗಡಸುಮಾಡಿದ ಪೀಠಗಳನ್ನು ಹಾಕಿಸಿದೆಯೇ ಎಂದು ವಿಚಾರಿಸಬೇಕು. ೧೯೬೪ರ ಜಿ.ಟಿ.ಓ. ಎಂಜಿನಿನ ಸಂಕೋಚನ ಪ್ರಮಾಣ ೧೦.೭೫ಕ್ಕೆ ೧. ಇಂದಿನ ಪೆಟ್ರೋಲಿನಲ್ಲಿ ಅದು ಬಡಿಯುವುದೋ ಇಲ್ಲವೋ ಎಂದು ತಿಳಿಯಲು, ಏರುದಾರಿಯಲ್ಲಿ ಮೇಲಿನ ಗೇರಿನಲ್ಲಿಯೇ ಎಳೆಯಿಸಿ ಕಿವಿಗೊಡಬೇಕು. ಡಬ್ಬಿಯಲ್ಲಿ ಗೋ‌ಲಿ ಅಲುಗಿಸಿದಂಥ ಸದ್ದು ಕೇಳಿದರೆ ಅಲ್ಲಿಗೇ ನಿಲ್ಲಿಸುವುದು ಕ್ಷೇಮ. ಪೆಟ್ರೋಲಿಗೆ ಈಗ ಸೇರಿಸುವ ಎಥನಾಲು ಹಳೆಯ ರಬ್ಬರಿನ ಕೊಳವೆಗಳನ್ನು ಕೆಡಿಸುವುದರಿಂದ ಅವನ್ನೂ ಬೆರಳಿನಿಂದ ಹಿಚುಕಿ ನೋಡಬೇಕು.

ಕಡೆಗೆ ಉಳಿದದ್ದು ಕಾಗದಪತ್ರ ಮತ್ತು ಸಂಖ್ಯೆ. ಸಾಧಾರಣ ಕಾರಿಗೆ ದೊಡ್ಡ ಎಂಜಿನನ್ನೂ ಬಿರುದಿನ ಬಿಲ್ಲೆಗಳನ್ನೂ ಅಂಟಿಸಿ ಜಟ್ಟಿಯೆಂದು ಮಾರುವುದು ವಾಡಿಕೆಯಾಗಿದೆ. ೧೯೬೪, ೬೫ರ ಜಿ.ಟಿ.ಓ.ಗಳ ಗುರುತಿನ ಸಂಖ್ಯೆಯನ್ನು ನೋಡಿದರೆ ಅದು ಜಿ.ಟಿ.ಓ. ಎಂದು ತಿಳಿಯುವುದೇ ಇಲ್ಲ. ೧೯೬೬ರಿಂದ ಮಾತ್ರ ಸಂಖ್ಯೆಯು ೨೪೨ರಿಂದ ಆರಂಭವಾಗುವುದು. ೧೯೬೬ರಿಂದ ೬೮ರವರೆಗಿನ ಷೆವೆಲ್ ಎಸ್.ಎಸ್. ೩೯೬ರ ಸಂಖ್ಯೆ ೧೩೮ರಿಂದ ಮೊದಲಾಗುವುದು. ೧೯೬೯ರಿಂದ ಮತ್ತೆ ಕತ್ತಲೆ. ಅಂಥಲ್ಲಿ ಕಾರ್ಖಾನೆಯ ಮೂಲದಾಖಲೆಯೊಂದೇ ಗತಿ. ಎಂಜಿನ್ ಮೂಲದ್ದೇ ಎಂಬುದನ್ನು ಪರೀಕ್ಷಿಸಲು ಒಳ್ಳೆಯ ತರ್ಕವೊಂದಿದೆ: ಎರಕದ ಮೈಮೇಲೆಯೇ ಎರಕ ಹೊಯ್ದ ದಿನದ ಗುರುತಿರುವುದು. ಕಾರು ತಯಾರಾದ ದಿನಕ್ಕಿಂತ ಅದು ಹಿಂದಿನದಾಗಿರಬೇಕು. ಮಾರ್ಚಿನಲ್ಲಿ ಕಟ್ಟಿದ ಕಾರಿನಲ್ಲಿ ಜೂನಿನಲ್ಲಿ ಎರಕವಾದ ಎಂಜಿನಿದ್ದರೆ, ಅದರ ಮೇಲೆ ಯಾವ ಸಂಖ್ಯೆಯನ್ನು ಒತ್ತಿದ್ದರೂ ಸುಳ್ಳೇ. ಷೆವ್ರೊಲೆ ಎಂಜಿನುಗಳಲ್ಲಿ ಸಂಖ್ಯೆ ಒತ್ತಿದ ಜಾಗದ ಮೇಲೆ ಕಾರ್ಖಾನೆಯ ಕತ್ತರಿಯು ಬಿಟ್ಟ ನಯವಾದ ಸಮಾಂತರ ಗೆರೆಗಳಿರುತ್ತವೆ; ಹಳೆಯ ಸಂಖ್ಯೆಯನ್ನು ಉಜ್ಜಿ ಹೊಸದನ್ನು ಒತ್ತಿದವನಿಗೆ ಆ ಗೆರೆಗಳನ್ನು ಮರಳಿ ತರುವುದು ಸುಲಭವಲ್ಲ.

ಇಷ್ಟಾದರೂ ಸಂಖ್ಯೆಗಳ ಆರಾಧನೆ ನನಗೆ ಒಪ್ಪಿಗೆಯಾಗದು. ಸಂಖ್ಯೆ ತಾಳೆಯಾಗುವ ಎಂಜಿನ್ ತಾಳೆಯಾಗದ ಎಂಜಿನಿಗಿಂತ ಒಂದು ಅಶ್ವಶಕ್ತಿಯನ್ನೂ ಹೆಚ್ಚಾಗಿ ಕೊಡುವುದಿಲ್ಲ. ಅಲ್ಲಿ ನಾವು ಬೆಲೆ ಕೊಡುವುದು ಚರಿತ್ರೆಗೆ. ಚರಿತ್ರೆಗೂ ಬೆಲೆಯುಂಟು, ಅಲ್ಲಗಳೆಯುವುದಿಲ್ಲ: ೧೯೬೮ರ ‘ಬುಲಿಟ್’ ಚಲನಚಿತ್ರದಲ್ಲಿ ಓಡಿದ ಹಸಿರು ಮಸ್ಟಾಂಗ್ ೨೦೨೦ರ ಜನವರಿಯಲ್ಲಿ ೩೪ ಲಕ್ಷ ಡಾಲರಿಗೆ ಹರಾಜಾದಾಗ ಅದರ ಮೈಮೇಲೆ ಹೊಸ ಬಣ್ಣವಿರಲಿಲ್ಲ, ಮಾಸಿದ ಹಳೆಯ ಬಣ್ಣ, ಅಲ್ಲಲ್ಲಿ ತುಕ್ಕು, ಚಿತ್ರೀಕರಣದ ಕಾಲದ ಗುರುತುಗಳು ಹಾಗೆಯೇ ಇದ್ದುವು. ಅದು ದಸ್ತಾವೇಜು, ಅದನ್ನು ಕೊಂಡವರು ದಿನವೂ ಕಚೇರಿಗೆ ಓಡಿಸುವುದಿಲ್ಲ. ಓಡಿಸುವುದಕ್ಕೆಂದು ಕೊಳ್ಳುವ ತರುಣನು ಮಾತ್ರ ತನ್ನ ಕೈಯಲ್ಲಿರುವ ಹಣದಲ್ಲಿ ದೊಡ್ಡ ಪಾಲನ್ನು ಒತ್ತಿದ ಅಂಕೆಗಳಿಗೆ ತೆತ್ತು, ಬ್ರೇಕಿನ ಕೊಳವೆಗೆ ಕಾಸಿಲ್ಲವೆಂದರೆ ಏನೆನ್ನೋಣ?

ಈಚೆಗೆ ಮತ್ತೊಂದು ತೊಡಕು ಹುಟ್ಟಿಕೊಂಡಿದೆ. ಮಸ್ಟಾಂಗ್, ಕಮಾರೊ ಮುಂತಾದ ಕಾರುಗಳ ಇಡೀ ಮೈಯನ್ನೇ ಹೊಸ ಉಕ್ಕಿನಲ್ಲಿ ಒತ್ತಿ ಮಾರುವ ಕಾರ್ಖಾನೆಗಳಿವೆ. ಅದರಲ್ಲಿ ತಪ್ಪೇನೂ ಇಲ್ಲ. ಹೊಸ ಉಕ್ಕು ಕೊಳೆತ ಉಕ್ಕಿಗಿಂತ ಮೇಲು. ಆದರೆ ಹಳೆಯ ಕಾರಿನ ಸಂಖ್ಯೆಯ ಫಲಕವನ್ನು ಕಿತ್ತು ಹೊಸ ಮೈಗೆ ಮೊಳೆ ಹೊಡೆದು ‘ಇದೇ ಅದು’ ಎಂದು ಮಾರಿದರೆ ಅಪರಾಧವಾಗುವುದು. ೧೯೬೮ರ ಮಾದರಿಗಳಿಂದ ಈ ಫಲಕವು ಮುಂಗಾಜಿನ ಮೂಲಕ ಹೊರಗಿನಿಂದಲೇ ಕಾಣುವಂತಿರುತ್ತದೆ. ಜನರಲ್ ಮೋಟಾರ್ಸಿನವರು ೧೯೬೫ರ ಸುಮಾರಿನಿಂದ ಅನೇಕ ವರ್ಷ ಇದಕ್ಕೆ ಬಳಸಿದ್ದು ಹೂವಿನ ದಳಗಳಂಥ ತಲೆಯುಳ್ಳ ವಿಶೇಷ ಮೊಳೆಗಳನ್ನು. ಕೈದೀಪವೊಂದನ್ನು ಗಾಜಿಗೆ ಒತ್ತಿಹಿಡಿದು ಆ ಎರಡು ಮೊಳೆಗಳನ್ನು ನೋಡಬೇಕು. ಸಾಧಾರಣ ಗುಂಡುತಲೆಯ ಮೊಳೆಗಳು ಕಂಡರೆ, ಇಲ್ಲವೇ ಫಲಕದ ಅಂಚು ಬಾಗಿದ್ದರೆ, ಮಾರುವಾತನ ವಿವರಣೆಯನ್ನು ಕೇಳುತ್ತ ನಿಲ್ಲದೆ ಮನೆಗೆ ಹಿಂತಿರುಗಬೇಕು.